ನಾಯಿ, ಉಣ್ಣಿ ಮತ್ತು ಕೆಂಪುಕಲ್ಲಿನ ಗೋಡೆ

ಉಡುಪಿ ಕಡೆ ಹಿತ್ತಿಲು, ಕೊಟ್ಟಿಗೆ, ತೋಟ ಇರುವ ಮನೆಯಲ್ಲಿ ನಾಯಿ ಸಾಕುವವರ ಅರ್ಧ ಸಂಕಟ ಉಣ್ಣಿಯದ್ದು. ಉಣ್ಣಿ ಕಂಡಕೂಡಲೇ ನಾಯಿಗೆ ಸ್ನಾನ ಮಾಡಿಸುತ್ತಾರೆ, ಪೌಡರ್ ಹಚ್ಚುತ್ತಾರೆ. ಎರಡು ವಾರ ಕಳೆದರೆ ಮತ್ತೆ ಅಷ್ಟೇ ಉಣ್ಣಿ. ಯಾಕೆಂದರೆ ಮೈಮೇಲೆ ಕಾಣುವುದು ಸ್ವಲ್ಪ ಭಾಗ ಮಾತ್ರ, ಉಳಿದದ್ದೆಲ್ಲ ಗೋಡೆಯಲ್ಲಿದೆ.

ನಮ್ಮ ನಾಯಿಗಳಿಗೆ ಹತ್ತುವ ಕಂದು ಉಣ್ಣಿ ತನ್ನ ಆಯುಷ್ಯದಲ್ಲಿ ಮೂರು ಸಲ ರಕ್ತ ಕುಡಿಯುತ್ತದೆ. ಪ್ರತಿ ಸಲವೂ ಹೊಟ್ಟೆ ತುಂಬಿದ ಮೇಲೆ ಕೆಳಗೆ ಬಿದ್ದು, ಒಣಗಿದ ಸಂದಿ ಹುಡುಕಿಕೊಂಡು ಹೋಗುತ್ತದೆ. ಹರಳು ಬೀಜದ ಹಾಗೆ ಉಬ್ಬಿದ ಬೂದುಬಣ್ಣದ ಹೆಣ್ಣು ಉಣ್ಣಿ ಗೋಡೆ ಹತ್ತಿ ಸಂದಿಯಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಟ್ಟು ಸಾಯುತ್ತದೆ. ಗಿಲಾವು ಮಾಡದ ಕೆಂಪುಕಲ್ಲಿನ ಗೋಡೆಯ ತೂತುಗಳು ಅದಕ್ಕೆ ಹೇಳಿ ಮಾಡಿಸಿದ ಜಾಗ. ಮಾಡಿನ ಪಕ್ಕಾಸಿನ ಸಂದಿ, ಬಾಗಿಲ ದಾರಂದದ ಹಿಂಬದಿ, ನಾಯಿ ಮಲಗುವ ಗೋಣಿ ಕೂಡ. ಹೊರಗೆ ಎಷ್ಟು ಮಳೆ ಹೊಯ್ದರೂ ಅಲ್ಲಿಗೆ ನೀರು ತಾಗುವುದಿಲ್ಲ. ವಯಸ್ಕ ಉಣ್ಣಿ ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕಿರಬಲ್ಲದು.

ಹಾಗಾಗಿ ನಾನು ಮೊದಲು ಕೈಹಾಕುವುದು ನಾಯಿ ಮಲಗುವ ಗೂಡಿಗೆ. ಗೋಣಿ ತೆಗೆದು ಸುಟ್ಟುಬಿಡುವುದು, ಅದರ ಬದಲು ವಾರಕ್ಕೊಮ್ಮೆ ಕುದಿನೀರಿನಲ್ಲಿ ಅದ್ದಬಹುದಾದ ಹಳೆ ಬೆಡ್‌ಶೀಟ್ ಹಾಸುವುದು. ಗೂಡಿನ ಒಳಗೋಡೆಗೆ ಒಂದಕ್ಕೆ ನಾಲ್ಕು ಸಿಮೆಂಟ್-ಮರಳಿನ ಗಿಲಾವು ಮಾಡಿಸುವುದು. ಅಷ್ಟು ಖರ್ಚು ಬೇಡವೆಂದರೆ ತೂತುಗಳನ್ನಾದರೂ ಅದೇ ಗಾರೆಯಿಂದ ಮುಚ್ಚಿ ಮೇಲೆ ಸುಣ್ಣ ಬಳಿಯಬೇಕು. ಔಷಧಿ ಹೊಡೆಯುವುದು ಆಮೇಲಿನ ಮಾತು. ಅಮಿಟ್ರಾಜ್ ಅಥವಾ ಡೆಲ್ಟಾಮೆಥ್ರಿನ್, ಬಾಟಲಿಯ ಮೇಲೆ ಬರೆದ ಪ್ರಮಾಣದಲ್ಲೇ ಬೆರೆಸಿ, ಬಿಸಿಲಿರುವ ದಿನ, ನೆಲದಿಂದ ಮಾಡಿನವರೆಗೂ ಹೊಡೆಯಬೇಕು. ಹೆಚ್ಚಿನವರು ಮೊಣಕಾಲೆತ್ತರಕ್ಕೆ ಹೊಡೆದು ನಿಲ್ಲಿಸುತ್ತಾರೆ, ಉಣ್ಣಿ ಮೇಲೆ ಕೂತಿರುತ್ತದೆ. ಮೊಟ್ಟೆಗೆ ಔಷಧಿ ಸರಿಯಾಗಿ ಹಿಡಿಯುವುದಿಲ್ಲ. ಆದ್ದರಿಂದ ಮೂರು ವಾರಕ್ಕೊಮ್ಮೆಯಂತೆ ಮೂರು ಸಲ ಹೊಡೆದರೆ ಮಾತ್ರ ಫಲ. ಗೂಡು ಒಣಗುವವರೆಗೆ ನಾಯಿ ಬೆಕ್ಕು ಎರಡನ್ನೂ ದೂರ ಇಡಿ. ಉಳಿದ ದ್ರಾವಣವನ್ನು ಬಾವಿಕಟ್ಟೆಯ ಬಳಿ, ತೋಡಿಗೆ ಚೆಲ್ಲಬೇಡಿ. ಡೆಲ್ಟಾಮೆಥ್ರಿನ್ ಮೀನಿಗೆ ಘೋರ ವಿಷ.

ಮೈಗೆ ಈಗ ತಿನ್ನಿಸುವ ಮಾತ್ರೆಗಳೇ ಉತ್ತಮ. ಅಫೊಕ್ಸೊಲೇನರ್, ಸರೊಲೇನರ್ ತಿಂಗಳಿಗೊಮ್ಮೆ, ಫ್ಲುರಲೇನರ್ ಮೂರು ತಿಂಗಳಿಗೊಮ್ಮೆ, ತೂಕಕ್ಕೆ ತಕ್ಕದ್ದು. ಬೆಲೆ ಕೇಳಿ ಗಾಬರಿಯಾಗುತ್ತದೆ, ಆದರೆ ಉಣ್ಣಿಜ್ವರದ ಒಂದು ಚಿಕಿತ್ಸೆಗೆ ಹೋಲಿಸಿದರೆ ಅಗ್ಗ. ಒಂದು ತಿಳಿದಿರಲಿ: ಉಣ್ಣಿ ಕಚ್ಚಿದ ಮೇಲೆಯೇ ಇವು ಅದನ್ನು ಕೊಲ್ಲುವುದು, ಹಾಗಾಗಿ ಮೈಮೇಲೆ ಒಂದೆರಡು ಕಂಡರೆ ಮಾತ್ರೆ ಕೆಲಸ ಮಾಡಿಲ್ಲ ಎಂದರ್ಥವಲ್ಲ. ಫಿಟ್ಸ್ ಬರುವ ನಾಯಿಗೆ ಡಾಕ್ಟರನ್ನು ಕೇಳದೆ ಕೊಡಬಾರದು. ಬೆನ್ನಿಗೆ ಹಾಕುವ ಫಿಪ್ರೊನಿಲ್ ಹನಿಯಾದರೆ ಹಿಂದಿನ ಎರಡು ದಿನ, ಮುಂದಿನ ಎರಡು ದಿನ ಸ್ನಾನ ಬೇಡ. ಆಟಿ ತಿಂಗಳ ಮಳೆಯಲ್ಲಿ ಇಡೀ ದಿನ ಒದ್ದೆಯಾಗುವ ನಾಯಿಗೆ ಅದನ್ನು ಹಾಕುವುದು ದುಡ್ಡು ದಂಡ ಎಂದು ನನ್ನ ಅಭಿಪ್ರಾಯ. ನಾಯಿಗೆಂದು ತಂದ ಪರ್ಮೆಥ್ರಿನ್ ಬೆಕ್ಕಿಗೆ ತಾಗಿದರೂ ಅಪಾಯ.

ಮಾತ್ರೆ ಕೊಟ್ಟರೂ ಸಂಜೆ ಕೈಯಾಡಿಸುವುದು ಬಿಡುವ ಹಾಗಿಲ್ಲ. ಕಿವಿಯ ಒಳಮಡಿಕೆ, ಬೆರಳಸಂದಿ, ಕಾಲರಿನ ಅಡಿ, ಕಂಕುಳು, ಬಾಲದ ಬುಡ. ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಬೇಕು, ತಿರುಚಬಾರದು. ಸೀಮೆಎಣ್ಣೆ ಬಿಡುವುದು, ಊದುಬತ್ತಿ ತಾಗಿಸುವುದು ಎರಡೂ ತಪ್ಪು, ಸುಡುವುದು ನಾಯಿಯ ಚರ್ಮ. ತೆಗೆದದ್ದನ್ನು ಉಗುರಿನಲ್ಲಿ ಕುಟ್ಟದೆ ಸ್ಪಿರಿಟ್ ಬಾಟಲಿಗೆ ಹಾಕಿ. ನಿಜ ಹೇಳಬೇಕೆಂದರೆ ನಾಯಿ ಸಾಕುವ ಸುಖ ಇರುವುದೂ ಈ ಹೊತ್ತಿನಲ್ಲೇ. ಕಿವಿಯ ಬುಡಕ್ಕೆ ಬೆರಳು ಹೋದಾಗ ಕಣ್ಣು ಅರೆಮುಚ್ಚಿ, ತಲೆಯ ಭಾರವನ್ನೆಲ್ಲ ತೊಡೆಯ ಮೇಲೆ ಬಿಟ್ಟು, ಮುಗಿಯಿತೆಂದು ಏಳಹೊರಟರೆ ಮುಂಗಾಲಲ್ಲಿ ಕೈ ಎಳೆಯುತ್ತದೆ.

ಹಾಗೆಯೇ ತುಟಿ ಎತ್ತಿ ವಸಡು ನೋಡಿಬಿಡಿ. ವಸಡನ್ನು ಬೆರಳಲ್ಲಿ ಒತ್ತಿ ಬಿಟ್ಟರೆ ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಕೆಂಪಾಗಬೇಕು. ವಸಡು ಬಿಳಿಚಿಕೊಂಡಿದ್ದರೆ, ಅನ್ನ ಮೂಸಿ ಬಿಟ್ಟರೆ, ಹೊಟ್ಟೆಯ ಚರ್ಮದಲ್ಲಿ ಸಾಸಿವೆಯಷ್ಟು ಕೆಂಪುಚುಕ್ಕೆ ಎದ್ದಿದ್ದರೆ, ಮೂಗಿನಿಂದ ರಕ್ತ ಬಂದರೆ ಉಣ್ಣಿಜ್ವರ ಎಂದೇ ತಿಳಿದು ಹೊರಡಬೇಕು. ಮೂಗು ಒಣಗಿದೆಯೇ ಎಂದು ಮುಟ್ಟಿ ನೋಡುವುದರಲ್ಲಿ ಹುರುಳಿಲ್ಲ. ಗುದದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ, 103 ದಾಟಿದರೆ ಜ್ವರ. ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಎರಡು ಲಕ್ಷಕ್ಕಿಂತ ಕೆಳಗಿದ್ದರೆ ಸಂಶಯ ಗಟ್ಟಿಯಾಗುತ್ತದೆ.

ಉಣ್ಣಿಜ್ವರ ತರುವ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾಕ್ಕೆ ಡಾಕ್ಟರು ಬರೆಯುವುದು ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್, ದಿನಕ್ಕೆ ಕಿಲೋ ತೂಕಕ್ಕೆ 10 ಮಿ.ಗ್ರಾಂ ಲೆಕ್ಕದಲ್ಲಿ, 28 ದಿನ. ಎಡವುವುದು ಇಲ್ಲೇ. ಎರಡು ಮೂರು ದಿನಕ್ಕೆ ನಾಯಿ ಬಾಲ ಆಡಿಸಿ ಅನ್ನ ತಿನ್ನುತ್ತದೆ, “ಗುಣ ಆಯ್ತಲ್ಲ ಮಾರಾಯ್ರೆ” ಎಂದು ಮಾತ್ರೆ ಬಿಡುತ್ತಾರೆ. ರೋಗ ಒಳಗೇ ಕೂತು ತಿಂಗಳುಗಳ ನಂತರ ಮೂಳೆಮಜ್ಜೆಗೇ ಕೈಹಾಕುತ್ತದೆ, ಆಗ ಉಳಿಸುವುದು ಕಷ್ಟ. ಮಾತ್ರೆಯನ್ನು ಊಟದ ಜೊತೆ ಕೊಟ್ಟು ಮೇಲಿಂದ ನೀರು ಕುಡಿಸಬೇಕು, ಬರಿಯ ಮಾತ್ರೆ ಅನ್ನನಾಳದಲ್ಲಿ ಅಂಟಿದರೆ ಹುಣ್ಣಾಗುತ್ತದೆ. ಹಾಲಿನಲ್ಲಿ ಬೇಡ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಉಣ್ಣಿಯಿಂದಲೇ ಬರುವ ಬಬೀಸಿಯಾ ಎಂಬ ರಕ್ತದ ಪರಾವಲಂಬಿ ಇರಬಹುದು, ಅದಕ್ಕೆ ಡಾಕ್ಸಿ ಒಂದೇ ಸಾಲದು. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮುಟ್ಟಬೇಡಿ, ಬೆಕ್ಕಿಗಂತೂ ಪ್ಯಾರಾಸಿಟಮಾಲ್ ಒಂದು ಮಾತ್ರೆಯೇ ಸಾಕು ಸಾಯಲು.

ಜ್ವರದ ನಾಯಿ ತಿನ್ನದಿದ್ದರೆ ಉಪ್ಪುಖಾರ ಹಾಕದೆ ಬೇಯಿಸಿದ ಬೂತಾಯಿಯ ನೀರನ್ನು ಕುಚ್ಚಲಕ್ಕಿ ಗಂಜಿಗೆ ಹೊಯ್ದು, ಉಗುರುಬೆಚ್ಚಗೆ ಇಡಿ. ಮುಳ್ಳು ತೆಗೆದ ಮೀನನ್ನು ಅದರಲ್ಲೇ ಕಿವುಚಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಬೇಡ.

ಇಲಿಜ್ವರದ ಲಸಿಕೆ ಪತ್ತನಾಜೆಯ, ಅಂದರೆ ಮೇ ಕೊನೆಯ ವಾರದ, ಮೊದಲೇ ಆಗಿರಲಿ. ಮೊದಲ ಬಾರಿಯಾದರೆ ಎರಡರಿಂದ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್, ಆಮೇಲೆ ವರ್ಷಕ್ಕೊಂದು. ಗದ್ದೆಯ ನಿಂತ ನೀರು ಕುಡಿಯುವ ನಾಯಿಗೆ ಇದು ರೇಬೀಸ್ ಲಸಿಕೆಯಷ್ಟೇ ಮುಖ್ಯ. ರೋಗ ಬಂದ ನಾಯಿಯ ಮೂತ್ರದಿಂದ ನಮಗೂ ಹರಡುತ್ತದೆ, ತೊಳೆಯುವಾಗ ಗ್ಲೌಸ್ ಬೇಕು.

ಎಲ್ಲ ಮಾಡಿಯೂ ನಾಯಿ ಹೋಗುತ್ತದೆ, ಅದರ ಆಯುಷ್ಯವೇ ಹನ್ನೆರಡು ಹದಿಮೂರು ವರ್ಷ. ಮಳೆಗಾಲದಲ್ಲಿ ಹೋದರೆ ಹೂಳುವುದೇ ತಾಪತ್ರಯ, ಎರಡು ಅಡಿಗೇ ನೀರು. ಬಾವಿಯಿಂದ ನೂರು ಅಡಿಯಾದರೂ ದೂರ, ಅಂಗಳಕ್ಕಿಂತ ಎತ್ತರದ ಜಾಗ ನೋಡಿ. ನಾಲ್ಕು ಅಡಿ ಆಳ ತೋಡಿ, ಪ್ಲಾಸ್ಟಿಕ್ ಬಿಟ್ಟು ಹತ್ತಿಬಟ್ಟೆಯಲ್ಲಿ ಸುತ್ತಿ ಇಳಿಸಿ. ಮಣ್ಣು ಮುಚ್ಚಿದ ಮೇಲೆ ಕೆಂಪುಕಲ್ಲು ಹೇರದಿದ್ದರೆ ನರಿ, ಬೀದಿನಾಯಿ ಕೆದರುತ್ತವೆ. ನರಳಾಟ ತಪ್ಪಿಸಲು ಡಾಕ್ಟರು ಚುಚ್ಚುಮದ್ದು ಕೊಟ್ಟು ಸಾಯಿಸಿದ ನಾಯಿಯಾದರೆ ಇದರಲ್ಲಿ ರಾಜಿಯೇ ಬೇಡ, ಆ ಔಷಧಿ ದೇಹದಲ್ಲಿ ಉಳಿದು ತಿಂದ ಪ್ರಾಣಿಯನ್ನೂ ಕೊಲ್ಲುತ್ತದೆ.

ಮನೆ ಖಾಲಿ ಅನ್ನಿಸಿ ಮರುವಾರವೇ ಮರಿ ತರುವವರಿದ್ದಾರೆ. ಗೂಡಿನ ಸಂದಿಯಲ್ಲಿ ಹಸಿದ ಉಣ್ಣಿ ಕಾಯುತ್ತಿರುತ್ತದೆ. ಮೊದಲು ಮೂರು ಸುತ್ತು ಔಷಧಿ ಮುಗಿಯಲಿ. ಹಿಂದಿನ ನಾಯಿ ಪಾರ್ವೊ ಎಂಬ ವೈರಸ್ ರೋಗದಿಂದ ಹೋಗಿದ್ದರೆ ನೆಲವನ್ನು ಸೋಪಿನಲ್ಲಿ ತಿಕ್ಕಿ, ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನಿಲ್ಲಿಸಿ ತೊಳೆಯಿರಿ. ಮಣ್ಣಿನ ಅಂಗಳದಲ್ಲಿ ಆ ವೈರಸ್ ವರ್ಷವಾದರೂ ಉಳಿಯುವುದರಿಂದ ಲಸಿಕೆಯ ಎಲ್ಲ ಡೋಸ್ ಮುಗಿಯುವವರೆಗೆ, ಅಂದರೆ ಸುಮಾರು ನಾಲ್ಕು ತಿಂಗಳವರೆಗೆ, ಮರಿಯನ್ನು ಅಲ್ಲಿ ಇಳಿಸಬೇಡಿ. ಎಂಟು ವಾರದೊಳಗಿನ ಮರಿಗೆ ಉಣ್ಣಿಮಾತ್ರೆ ಕೊಡುವ ಹಾಗಿಲ್ಲ, ಅಲ್ಲಿಯವರೆಗೆ ಚಿಮಟ ಮತ್ತು ಹಣಿಗೆಯೇ ಗತಿ.