ಬಬಲ್ ಟೀ ಅಂಗಡಿಗೆ ಸ್ಟಾರ್ ಕೊಡುವ ಮುಂಚೆ
ಹೊಸ ಬಬಲ್ ಟೀ (ಅಗಿಯುವ ಮುತ್ತು ಹಾಕಿದ ಟೀ) ಅಂಗಡಿಗೆ ಹೋದರೆ ಮೊದಲ ಸಲ ಮ್ಯಾಂಗೋ, ಚಾಕ್ಲೇಟ್ ಬಿಟ್ಟುಬಿಡಿ, ಸಂಜೆ ಹೊತ್ತು ಹೋಗಿ ಸಾದಾ ಮಿಲ್ಕ್ ಟೀ ಹೇಳಿ, ಸಕ್ಕರೆ ಅರ್ಧ, ಐಸ್ ಕಮ್ಮಿ. ಆಗ ಟೀ ಸಪ್ಪೆ ಇದ್ದರೆ ಅಡಗಿಸೋಕೆ ಏನೂ ಇರುವುದಿಲ್ಲ. ಇನ್ನು ಆ ಕಪ್ಪು ಮುತ್ತುಗಳು, ನಮ್ಮ ಸಾಬಕ್ಕಿ ತರಾನೇ ಮರಗೆಣಸಿನ ಹಿಟ್ಟಿನವು. ಬೇಯಿಸಿ 4-5 ಗಂಟೆ ಕಳೆದರೆ ಬಿರುಸಾಗುತ್ತವೆ, ಹಾಗಾಗಿ ಬೆಳಗ್ಗೆ ಬೇಯಿಸಿದ್ದನ್ನೇ ಸಂಜೆಗೂ ಹಾಕುತ್ತಿದ್ದರೆ ಒಂದೆರಡು ಅಗಿದಾಗಲೇ ಗೊತ್ತಾಗುತ್ತದೆ, ನಡುವೆ ಹಿಟ್ಟುಹಿಟ್ಟು. ಕಚ್ಚಿದರೆ ಒಡೆಯುವ ಮುತ್ತು, ಅಂದರೆ ಪಾಪಿಂಗ್ ಬೋಬಾಗೆ ಈ ಪರೀಕ್ಷೆ ನಡೆಯುವುದಿಲ್ಲ, ಅದರೊಳಗೆ ಬರೀ ಜ್ಯೂಸ್ ಅಲ್ವಾ. ಮನೆಗೆ ತರಿಸಿಕೊಂಡು ಕುಡಿದು ಮಾತ್ರ ಸುಮ್ನೆ ಸ್ಟಾರ್ ಕಡಿಮೆ ಮಾಡಬೇಡಿ, ಐಸಲ್ಲಿ ಜಾಸ್ತಿ ಹೊತ್ತು ಕೂತರೆ ಎಂಥ ಒಳ್ಳೆ ಮುತ್ತೂ ಗಟ್ಟಿಯಾಗುತ್ತದೆ.