ಮೊದಲ ಸಾಲ ತೀರಲಿ, ಮನಸ್ಸು ಹಿಂದೆಯೇ ಬರುತ್ತದೆ

ನಮ್ಮ ಮನೆಯ ಫ್ರಿಜ್ಜಿನ ಮೇಲೆ ಒಂದು ಸ್ಟೀಲ್ ಡಬ್ಬಿ ಇತ್ತು. ಕ್ರೆಡಿಟ್ ಕಾರ್ಡ್ ಬಿಲ್ಲು, ಬ್ಯಾಂಕಿನ ಪತ್ರ, ಒಡವೆ ಅಡವಿಟ್ಟ ರಸೀದಿ ಬಂದಂತೆಲ್ಲ ಮಡಚಿ ಅದರೊಳಗೆ ಹಾಕಿ ಮುಚ್ಚಳ ಒತ್ತುತ್ತಿದ್ದೆ. ಎರಡು ವರ್ಷ ಹೀಗೆಯೇ ನಡೆಯಿತು. ಸಂಬಳ ಜಮೆಯಾದ ಸಂದೇಶದ ಬೆನ್ನಿಗೇ ಕಡಿತದ ಸಂದೇಶಗಳು ಮೊಬೈಲಿಗೆ ಬರುತ್ತಿದ್ದವು. ಓದದೆ ಅಳಿಸುತ್ತಿದ್ದೆ. ಸಾಲ ತೀರಿಸಬೇಕೆಂಬುದು ಪ್ರತಿದಿನ ನೆನಪಿರುತ್ತಿತ್ತು. ಆದರೆ ಆ ಡಬ್ಬಿಗೆ ಕೈ ಹಾಕಲು ಮನಸ್ಸು ಏಳುತ್ತಿರಲಿಲ್ಲ.

ಇಂಥ ಸ್ಥಿತಿಯಲ್ಲಿರುವವರಿಗೆ ಎಲ್ಲರೂ ಹೇಳುವುದು ಒಂದೇ ಮಾತು: ಹಾಸಿಗೆ ಇದ್ದಷ್ಟು ಕಾಲು ಚಾಚು. ಕಾಲು ಆಗಲೇ ಹಾಸಿಗೆಯಾಚೆ ಹೋಗಿರುವವರಿಗೆ ಆ ಮಾತಿನಿಂದ ನಾಚಿಕೆ ಹೆಚ್ಚುತ್ತದೆಯೇ ಹೊರತು ಧೈರ್ಯ ಬರುವುದಿಲ್ಲ. ಇದು ಸೋಮಾರಿತನವೂ ಅಲ್ಲ. ತಮಿಳುನಾಡಿನ ಕಬ್ಬು ಬೆಳೆಗಾರರ ಬಗ್ಗೆ 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಕಟಾವಿನ ನಂತರ, ಕೈಯಲ್ಲಿ ಹಣವಿದ್ದಾಗ, ಸುಲಭವಾಗಿ ಬಿಡಿಸುತ್ತಿದ್ದ ಬುದ್ಧಿಪರೀಕ್ಷೆಯಲ್ಲಿ ಅದೇ ರೈತರು ಕಟಾವಿಗೆ ಮುಂಚೆ, ಕೈ ಖಾಲಿ ಇದ್ದಾಗ, ಹಿಂದೆ ಬಿದ್ದಿದ್ದರು. ಹಣದ ಚಿಂತೆ ತಲೆಯಲ್ಲಿ ಅಷ್ಟು ಜಾಗ ತಿನ್ನುತ್ತದೆ. ಹಾಗಾಗಿ ಉತ್ಸಾಹ ತಾನಾಗಿ ಬರಲಿ, ಆಮೇಲೆ ಶುರು ಮಾಡೋಣ ಎಂದು ಕಾದರೆ ಅದು ಬರುವುದಿಲ್ಲ. ಉತ್ಸಾಹ ಹುಟ್ಟುವುದು ಒಂದು ಸಾಲ ತೀರಿದ ದಿನ. ಆ ದಿನವನ್ನು ಬೇಗ ತಂದುಕೊಳ್ಳುವುದು ಹೇಗೆ ಎಂಬುದನ್ನು ನಾನು ನಡೆದ ದಾರಿಯಲ್ಲೇ ಹೇಳುತ್ತೇನೆ.

ಹೆಜ್ಜೆ 1: ಎಲ್ಲ ಸಾಲವನ್ನೂ ಒಂದೇ ಹಾಳೆಗೆ ಇಳಿಸಿ

ಮಗಳು ಮಲಗಿದ ಮೇಲೆ, ಅವಳ ಹಳೆಯ ನೋಟ್‌ಬುಕ್ಕಿನ ಕೊನೆಯ ಹಾಳೆ ತೆರೆದು ನಾನೂ ನನ್ನ ಹೆಂಡತಿಯೂ ಊಟದ ಮೇಜಿಗೆ ಕುಳಿತೆವು. ಡಬ್ಬಿಯನ್ನು ಮಗುಚಿದೆವು. ಯಾರಿಗೆ, ಬಾಕಿ ಎಷ್ಟು, ಬಡ್ಡಿ ಎಷ್ಟು, ಕಂತು ಯಾವ ತಾರೀಕು ಎಂದು ನಾಲ್ಕು ಕಲಂ ಎಳೆದೆ. ದಿನಸಿ ಅಂಗಡಿಯ ಲೆಕ್ಕ 3,400. ಗೆಳೆಯನಿಂದ ಪಡೆದ ಕೈಸಾಲ 8,000. ಮೊಬೈಲಿನ ಉಳಿದ ಕಂತುಗಳು 11,000. ಭಾವನಿಗೆ ಕೊಡಬೇಕಾದದ್ದು 25,000. ಅಮ್ಮನ ಎರಡು ಬಳೆಗಳ ಮೇಲೆ 60,000. ಕ್ರೆಡಿಟ್ ಕಾರ್ಡ್ 92,000. ಬ್ಯಾಂಕಿನ ವೈಯಕ್ತಿಕ ಸಾಲ 2,10,000.

ಪೆನ್ನು ಕೆಳಗಿಟ್ಟೆ. ಆಗ ಅವಳು, ‘ಇದನ್ನೂ ಬರೆಯಿರಿ’ ಎಂದಳು. ಶಾಲೆಯ ಫೀಸಿಗೆಂದು ಮಹಿಳಾ ಸಂಘದಿಂದ ನನಗೆ ತಿಳಿಸದೆ ತೆಗೆದ ಸಾಲದಲ್ಲಿ ಇನ್ನೂ 15,000 ಬಾಕಿ ಇತ್ತು. ವಾರ ವಾರ ಮನೆಖರ್ಚಿನಲ್ಲೇ ಉಳಿಸಿ ಕಟ್ಟುತ್ತಿದ್ದಳು. ನಾನು ಡಬ್ಬಿ ಮುಚ್ಚಿಟ್ಟಿದ್ದಕ್ಕೆ ಅವಳೂ ಒಂದನ್ನು ಮುಚ್ಚಿಡಬೇಕಾಗಿತ್ತು. ಎಂಟೂ ಕೂಡಿಸಿದಾಗ 4,24,400 ರೂಪಾಯಿ. ಮೂರು ಲಕ್ಷ ಇರಬಹುದೆಂದು ಅಂದಾಜು ಮಾಡಿದ್ದೆ. ಮೊತ್ತ ಅದಕ್ಕಿಂತ ದೊಡ್ಡದಾಗಿತ್ತು, ಆದರೂ ಆ ರಾತ್ರಿ ಎಷ್ಟೋ ತಿಂಗಳ ಮೇಲೆ ಸರಿಯಾಗಿ ನಿದ್ದೆ ಬಂತು.

ಆದ್ದರಿಂದ ಮೊದಲ ಕೆಲಸ ಬರೆಯುವುದು. ಒಬ್ಬರೇ ಬರೆಯಬೇಡಿ. ಗಂಡ, ಹೆಂಡತಿ, ಅಣ್ಣ, ಅಕ್ಕ, ಯಾರಾದರೂ ಒಬ್ಬರು ಪಕ್ಕದಲ್ಲಿರಲಿ. ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳ ಸಾಲ ಯಾವುದಾದರೂ ಮರೆತಿದೆಯೇ ಎಂದು ನೋಡಲು ಕ್ರೆಡಿಟ್ ವರದಿ, ಅಂದರೆ ನಿಮ್ಮ ಸಾಲ ಮತ್ತು ಮರುಪಾವತಿಯ ದಾಖಲೆ, ತೆಗೆಯಿರಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್, ಆ ದಾಖಲೆ ಇಡುವ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಕೈಸಾಲ, ಚೀಟಿ, ಅಂಗಡಿ ಬಾಕಿ ಅದರಲ್ಲಿ ಕಾಣುವುದಿಲ್ಲ. ಅವನ್ನು ನೆನಪಿನಿಂದಲೇ ಬರೆಯಬೇಕು.

ಹೆಜ್ಜೆ 2: ಬಡ್ಡಿಯನ್ನು ದಿನದ ಲೆಕ್ಕಕ್ಕೆ ತನ್ನಿ

ಬಡ್ಡಿಯ ಮಾತನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹೇಳುತ್ತಾರೆ. ‘ನೂರಕ್ಕೆ ಮೂರು ರೂಪಾಯಿ’ ಎಂದರೆ ತಿಂಗಳಿಗೆ ಮೂರು, ಅಂದರೆ ವರ್ಷಕ್ಕೆ ಶೇ 36. ‘ಫ್ಲ್ಯಾಟ್ 12’ ಎಂದು ಅಂಗಡಿಯವರು ಹೇಳಿದರೆ ಅಗ್ಗವೆನಿಸುತ್ತದೆ. ಪ್ರತಿ ತಿಂಗಳು ಅಸಲು ತೀರುತ್ತಿದ್ದರೂ ಬಡ್ಡಿ ಮಾತ್ರ ಮೊದಲ ದಿನದ ಪೂರ್ತಿ ಮೊತ್ತದ ಮೇಲೆಯೇ ಬೀಳುವುದರಿಂದ, ಒಂದು ವರ್ಷದ ಕಂತಿನಲ್ಲಿ ಅದು ನಿಜವಾಗಿ ಶೇ 21ರ ಮೇಲೆ ಹೋಗುತ್ತದೆ. ಎಲ್ಲವನ್ನೂ ವರ್ಷದ ದರಕ್ಕೆ ತಂದು ಬರೆದುಕೊಳ್ಳಿ.

ಆಮೇಲೆ ಅತಿ ದುಬಾರಿ ಸಾಲವನ್ನು ಹಿಡಿದು ದಿನದ ಬಡ್ಡಿ ಲೆಕ್ಕ ಹಾಕಿ. ನನ್ನ ಕಾರ್ಡಿಗೆ ತಿಂಗಳಿಗೆ ಶೇ 3.5 ಬಡ್ಡಿ. 92,000ಕ್ಕೆ 3,220 ರೂಪಾಯಿ. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಸೇರಿದರೆ ಸುಮಾರು 3,800. ಬಿಲ್ಲಿನಲ್ಲಿ ‘ಕನಿಷ್ಠ ಪಾವತಿ’ ಎಂದು ತೋರಿಸುತ್ತಿದ್ದ 4,600 ಕಟ್ಟಿ, ಈ ತಿಂಗಳು ಪಾರಾದೆ ಎಂದು ಉಸಿರು ಬಿಡುತ್ತಿದ್ದೆ. ಅಷ್ಟು ಕಟ್ಟಿದರೂ ಸಾಲ ಇಳಿಯುತ್ತಿದ್ದುದು 800 ರೂಪಾಯಿ ಮಾತ್ರ. ದಿನಕ್ಕೆ 127 ರೂಪಾಯಿ ಬಡ್ಡಿಗೇ ಹೋಗುತ್ತಿತ್ತು. ನಮ್ಮ ಮನೆಗೆ ಬೆಳಿಗ್ಗೆ ಬರುವ ಹಾಲಿಗೆ ಅಷ್ಟು ಖರ್ಚಾಗುವುದಿಲ್ಲ. ಸಾಲ ತೀರಿಸಬೇಕೆಂಬ ಹಟ ನನ್ನಲ್ಲಿ ಮೊದಲ ಸಲ ಹುಟ್ಟಿದ್ದು ಈ 127 ಎಂಬ ಸಂಖ್ಯೆಯಿಂದ. ನಾಲ್ಕು ಲಕ್ಷ ಎಂಬುದು ಬೆಟ್ಟ, ಅದರೊಡನೆ ಜಗಳಕ್ಕೆ ನಿಲ್ಲಲಾಗುವುದಿಲ್ಲ. ದಿನಕ್ಕೆ 127 ಎಂಬುದರೊಡನೆ ನಿಲ್ಲಬಹುದು.

ಇನ್ನೊಂದು ಮಾತನ್ನು ಬಹಳ ಮಂದಿ ಗಮನಿಸುವುದಿಲ್ಲ. ಕಾರ್ಡಿನ ಹಳೆಯ ಬಾಕಿ ಪೂರ್ತಿ ತೀರದಿದ್ದರೆ ಹೊಸ ಖರೀದಿಗೆ ಬಡ್ಡಿರಹಿತ ಅವಧಿ ಸಿಗುವುದಿಲ್ಲ. ಇಂದು ತಂದ ತರಕಾರಿಗೂ ಇಂದಿನಿಂದಲೇ ಬಡ್ಡಿ. ಹಾಗಾಗಿ ಕಾರ್ಡನ್ನು ಪರ್ಸಿನಿಂದ ತೆಗೆಯಿರಿ, ಮೊಬೈಲಿನ ಖರೀದಿ ಆ್ಯಪ್‌ಗಳಲ್ಲಿ ಉಳಿಸಿರುವ ಅದರ ವಿವರವನ್ನೂ ಅಳಿಸಿ.

ಹೆಜ್ಜೆ 3: ಎಲ್ಲಕ್ಕಿಂತ ಚಿಕ್ಕದನ್ನು ಮುಗಿಸಿ

ಲೆಕ್ಕ ಬಲ್ಲವರು ಇಲ್ಲಿ ನನ್ನ ಮಾತು ಒಪ್ಪಲಾರರು. ಬಡ್ಡಿ ಹೆಚ್ಚಿರುವ ಸಾಲ ಮೊದಲು ತೀರಿಸಬೇಕು ಎಂಬುದು ಅವರ ವಾದ, ಲೆಕ್ಕದಲ್ಲಿ ಅದೇ ಸರಿ. ಆದರೆ ಸೋತು ಕುಳಿತವರಿಗೆ ಮೊದಲು ಬೇಕಾದದ್ದು ಒಂದು ಗೆಲುವು. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಡೇವಿಡ್ ಗಾಲ್ ಮತ್ತು ಬ್ಲೇಕ್ಲಿ ಮೆಕ್‌ಶೇನ್ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೊತ್ತ ಎಷ್ಟೇ ಇರಲಿ, ಖಾತೆಗಳನ್ನು ಒಂದೊಂದಾಗಿ ಮುಚ್ಚುತ್ತ ಹೋದವರೇ ಕೊನೆಗೆ ಪೂರ್ತಿ ಸಾಲದಿಂದ ಹೊರಬರುವ ಸಂಭವ ಹೆಚ್ಚು. ಸಿಂಗಪುರದಲ್ಲಿ ಒಂದು ಸೇವಾಸಂಸ್ಥೆ ಬಡ ಕುಟುಂಬಗಳ ಹಳೆಯ ಬಾಕಿ ತೀರಿಸಿಕೊಟ್ಟಾಗ ನಡೆದ ಅಧ್ಯಯನ 2019ರಲ್ಲಿ ಹೊರಬಂತು. ನೆರವಿನ ಹಣ ಒಂದೇ ಆಗಿದ್ದರೂ, ಹೆಚ್ಚು ಖಾತೆಗಳು ತೀರಿದವರಲ್ಲಿ ಆತಂಕ ಹೆಚ್ಚು ಇಳಿದಿತ್ತು. ಮೊತ್ತದಷ್ಟೇ ಸಾಲಗಳ ಸಂಖ್ಯೆಯೂ ಮನಸ್ಸಿಗೆ ಭಾರ.

ಕಂತುಗಳೆಲ್ಲ ಹೋಗಿ, ಖರ್ಚು ಬಿಗಿ ಮಾಡಿದ ಮೇಲೆ, ನಮಗೆ ತಿಂಗಳಿಗೆ 6,000 ರೂಪಾಯಿ ಮಿಗುವಂತಾಯಿತು. ಮೊದಲ ತಿಂಗಳು ದಿನಸಿ ಅಂಗಡಿಗೆ 3,400 ಕೊಟ್ಟೆ. ಅಂಗಡಿಯವರು ಉದ್ದನೆಯ ಲೆಕ್ಕದ ಪುಸ್ತಕ ತೆಗೆದು, ನನ್ನ ಹೆಸರಿದ್ದ ಪುಟದ ಮೇಲೆ ಅಡ್ಡಗೆರೆ ಎಳೆದು, ‘ಆಯಿತು ಸಾರ್’ ಎಂದರು. ಆ ಅಂಗಡಿಯ ಮುಂದೆ ಹಾಯಬಾರದೆಂದು ಆರು ತಿಂಗಳಿಂದ ಸುತ್ತುಬಳಸಿ ಮನೆಗೆ ಹೋಗುತ್ತಿದ್ದವನು ಅಂದು ನೇರ ದಾರಿಯಲ್ಲಿ ನಡೆದು ಹೋದೆ. ಎರಡನೆಯ ತಿಂಗಳಿಗೆ ಗೆಳೆಯನ ಎಂಟು ಸಾವಿರವೂ ತೀರಿತು. ಈ 11,400ನ್ನು ಕಾರ್ಡಿಗೆ ಕಟ್ಟದ ಕಾರಣ ತಿಂಗಳಿಗೆ 470 ರೂಪಾಯಿಯಷ್ಟು ಬಡ್ಡಿ ಹೆಚ್ಚು ಹೋಯಿತು. ಗೊತ್ತಿದ್ದೇ ಕೊಟ್ಟೆ, ಇಂದಿಗೂ ಪಶ್ಚಾತ್ತಾಪವಿಲ್ಲ.

ಇದಕ್ಕೆ ಒಂದು ಅಪವಾದವಿದೆ. ಮೀಟರ್ ಬಡ್ಡಿಯ ಸಾಲವಿದ್ದರೆ, ಅಥವಾ ಮೊಬೈಲ್ ಸಾಲದ ಆ್ಯಪ್‌ನವರು ಬಂಧುಗಳಿಗೆಲ್ಲ ಕರೆ ಮಾಡುತ್ತಿದ್ದರೆ, ಅದೇ ಮೊದಲು.

ಹೆಜ್ಜೆ 4: ಈಗ ದುಬಾರಿ ಸಾಲದ ಕಡೆ ತಿರುಗಿ

ಎರಡು ಚಿಕ್ಕ ಸಾಲ ತೀರಿದ ಮೇಲೆ ಮಿಕ್ಕ ಹಣವೆಲ್ಲ ಅತಿ ಹೆಚ್ಚು ಬಡ್ಡಿಯದಕ್ಕೆ ಹೋಗಲಿ. ಉಳಿದವುಗಳಿಗೆ ಕಂತು ತಪ್ಪದಂತೆ ನೋಡಿಕೊಂಡರೆ ಸಾಕು. ಒಂದು ಕಂತು ಮುಗಿದರೆ ಆ ಹಣ ಮನೆಖರ್ಚಿಗೆ ಸೇರಬಾರದು. ನಮ್ಮ ಮೊಬೈಲಿನ 2,200ರ ಕಂತು ಐದನೆಯ ತಿಂಗಳಿಗೆ ಮುಗಿಯಿತು, ಆರನೆಯ ತಿಂಗಳಿಂದ ಅದೂ ಕಾರ್ಡಿಗೆ ಹೋಯಿತು. ಸಂಬಳ ಬಂದ ದಿನವೇ ಕಟ್ಟಿ. ತಿಂಗಳ ಕೊನೆಗೆ ಉಳಿದರೆ ಕಟ್ಟೋಣ ಎಂದರೆ ಏನೂ ಉಳಿಯುವುದಿಲ್ಲ.

ಬ್ಯಾಂಕಿಗೆ ಕರೆ ಮಾಡಿ, ಕಾರ್ಡಿನ ಬಾಕಿಯನ್ನು ಕಂತುಗಳಾಗಿ ಬದಲಿಸಿಕೊಡುತ್ತೀರಾ ಎಂದು ಕೇಳಿ. ಬಡ್ಡಿ ಸಾಮಾನ್ಯವಾಗಿ ಸಾಕಷ್ಟು ಇಳಿಯುತ್ತದೆ. ಸಂಕೋಚದಿಂದ ನಾನು ಕೇಳಲೇ ಇಲ್ಲ, ನೀವು ಹಾಗೆ ಮಾಡಬೇಡಿ. ‘ಸೆಟಲ್‌ಮೆಂಟ್ ಮಾಡಿಕೊಳ್ಳಿ, ಅರ್ಧ ಕಟ್ಟಿದರೆ ಸಾಕು’ ಎಂಬ ಕರೆ ಬಂದರೆ ಮಾತ್ರ ಯೋಚಿಸಿ ಹೆಜ್ಜೆ ಇಡಿ. ಕ್ರೆಡಿಟ್ ವರದಿಯಲ್ಲಿ ಅದು ಪೂರ್ತಿ ತೀರಿದ ಸಾಲವೆಂದು ದಾಖಲಾಗುವುದಿಲ್ಲ, ಮುಂದೆ ಮನೆ ಸಾಲ ಕೇಳುವಾಗ ಅಡ್ಡ ಬರುತ್ತದೆ.

ಹೆಜ್ಜೆ 5: ಕಾರಣ ಕಣ್ಣೆದುರು ಇರಲಿ

ಸಾಲವಿಲ್ಲದ ಬದುಕು ಎಂಬುದು ಒಳ್ಳೆಯ ಮಾತೇ, ಆದರೆ ಅದನ್ನು ಮುಟ್ಟಿ ನೋಡಲಾಗುವುದಿಲ್ಲ. ನಮ್ಮ ಕಾರಣ ಅಮ್ಮನ ಬಳೆಗಳು. ಹಬ್ಬದ ದಿನ ಆರತಿ ಎತ್ತುವಾಗ ಅವರು ಸೆರಗಿನಿಂದ ಬರಿಗೈ ಮುಚ್ಚಿಕೊಂಡಿದ್ದನ್ನು ನಾನು ನೋಡಿದ್ದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳು ಕಟ್ಟಿದ ಮೊತ್ತವನ್ನು ಹಸಿರು ಪೆನ್ನಿನಲ್ಲಿ ಬರೆದು, ಒಂದು ಸಾಲ ಮುಗಿದಾಗ ಆ ತಾರೀಕಿನ ಸುತ್ತ ಬಳೆಯಂತೆ ವೃತ್ತ ಎಳೆಯುತ್ತಿದ್ದೆವು. ವೃತ್ತ ಎಳೆದ ಸಂಜೆ ಮೂವರೂ ಹೋಗಿ ಮಸಾಲೆ ದೋಸೆ ತಿನ್ನುತ್ತಿದ್ದೆವು. ಮಗಳೇ ಕ್ಯಾಲೆಂಡರ್ ನೋಡಿ, ಮುಂದಿನ ದೋಸೆ ಯಾವಾಗ ಎಂದು ಕೇಳತೊಡಗಿದಳು.

ಹೆಜ್ಜೆ 6: ಕೆಟ್ಟ ತಿಂಗಳಿಗೆ ಮೊದಲೇ ಸಿದ್ಧರಾಗಿ

ಎಷ್ಟೋ ಜನ ಕೈಚೆಲ್ಲುವುದು ಇಲ್ಲಿಯೇ. ಜೂನ್‌ನಲ್ಲಿ ಶಾಲೆಯ ಫೀಸು, ಮಳೆಗಾಲದಲ್ಲಿ ಮಕ್ಕಳ ಜ್ವರ, ಗೌರಿ-ಗಣೇಶಕ್ಕೆ ಬಟ್ಟೆ, ಮದುವೆಗಳು ಸಾಲಾಗಿ ಬಂದಾಗ ಮುಯ್ಯಿ. ಇವು ಪ್ರತಿ ವರ್ಷ ಬರುತ್ತವೆ, ಆದರೂ ಪ್ರತಿ ವರ್ಷ ಅಚಾನಕ್ ಬಂದಂತೆ ಸಾಲ ಮಾಡುತ್ತೇವೆ. ಹನ್ನೆರಡು ತಿಂಗಳ ಪಟ್ಟಿ ಮಾಡಿ. ಸಾಲ ತೀರಿಸುತ್ತಿರುವಾಗಲೇ ತಿಂಗಳಿಗೆ ಐನೂರು, ಸಾವಿರವನ್ನು ಅಂಚೆ ಕಚೇರಿಯ ಬೇರೆ ಖಾತೆಯಲ್ಲಿ ಇಡಿ. ಆ ಹಣಕ್ಕೆ ಬಡ್ಡಿ ಕಡಿಮೆ ಸಿಕ್ಕರೂ ಪರವಾಗಿಲ್ಲ, ಅದು ಇನ್ನೊಂದು ಕೈಸಾಲವನ್ನು ತಡೆಯುತ್ತದೆ. ಮುಯ್ಯಿ ಕಡಿಮೆ ಮಾಡಿದ್ದಕ್ಕೆ ಒಂದಿಬ್ಬರು ಬಂಧುಗಳು ಬೇಸರಪಟ್ಟುಕೊಂಡರು. ಸಹಿಸಿಕೊಂಡೆವು.

ಒಂದು ತಿಂಗಳು ಹೆಚ್ಚಿನ ಹಣ ಕಟ್ಟಲಾಗದಿದ್ದರೆ ಎಲ್ಲ ಹಾಳಾಯಿತೆಂದು ಕ್ಯಾಲೆಂಡರ್ ತಿರುಗಿಸಿ ಇಡಬೇಡಿ. ನೂರು ರೂಪಾಯಿಯಾದರೂ ಕಟ್ಟಿ ಬರೆಯಿರಿ.

ಹೆಜ್ಜೆ 7: ವಸೂಲಿ ಕರೆಗೆ ಹೆದರಿ ಮುದುಡಬೇಡಿ

ರಿಸರ್ವ್ ಬ್ಯಾಂಕಿನ 2022ರ ಆಗಸ್ಟ್ ಸೂಚನೆಯಂತೆ ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಬೈಯುವಂತಿಲ್ಲ, ಸಾರ್ವಜನಿಕವಾಗಿ ಅವಮಾನಿಸುವಂತಿಲ್ಲ. ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಡಿ, 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಮಾಹಿತಿಗೆ 14448ಕ್ಕೆ ಕರೆ ಮಾಡಿ. ಕಿರುಸಾಲ ಸಂಸ್ಥೆಗಳ ಮತ್ತು ಲೇವಾದೇವಿಗಾರರ ಬಲವಂತದ ವಸೂಲಿ ತಡೆಯಲು ಕರ್ನಾಟಕ ಸರ್ಕಾರ 2025ರಲ್ಲಿ ಕಾನೂನು ತಂದಿದೆ. ಅದರಲ್ಲಿ 10 ವರ್ಷಗಳವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡವಿದೆ. ಮನೆ ಬಾಗಿಲಿಗೆ ಬಂದು ಬೆದರಿಸಿದರೆ ಪೊಲೀಸ್ ಠಾಣೆಗೆ ಹೋಗಿ.

ರಾತ್ರಿ ನಿದ್ದೆ ಬಾರದೆ, ಬದುಕೇ ಬೇಡವೆನಿಸುತ್ತಿದ್ದರೆ ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿಯೇ ಮಾತನಾಡುತ್ತಾರೆ. ಸಾಲದ ಲೆಕ್ಕವನ್ನು ನಾಳೆ ನೋಡಬಹುದು.

ಹೆಜ್ಜೆ 8: ತೀರಿದ್ದಕ್ಕೆ ಕಾಗದ ಪಡೆಯಿರಿ

ಸಾಲ ಮುಗಿದ ಕೂಡಲೇ, ಬಾಕಿ ಏನೂ ಇಲ್ಲವೆಂದು ತಿಳಿಸುವ ಬೇಬಾಕಿ ಪತ್ರ ಕೇಳಿ ಪಡೆಯಿರಿ. ಖಾಲಿ ಚೆಕ್, ಸಹಿ ಮಾಡಿದ ಪ್ರಾಮಿಸರಿ ನೋಟು, ಬಾಂಡ್ ಪೇಪರ್ ಕೊಟ್ಟಿದ್ದರೆ ವಾಪಸು ತೆಗೆದುಕೊಂಡು ಹರಿದು ಹಾಕಿ. ಒಂದೆರಡು ತಿಂಗಳು ಬಿಟ್ಟು ಕ್ರೆಡಿಟ್ ವರದಿ ನೋಡಿ. ಸಾಲ ಇನ್ನೂ ಬಾಕಿ ಎಂದು ತೋರಿಸುತ್ತಿದ್ದರೆ ದೂರು ಕೊಡಿ. 30 ದಿನಗಳಲ್ಲಿ ಸರಿಪಡಿಸದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೇಳುವ ಹಕ್ಕು ನಿಮಗಿದೆ.

ಕಾರ್ಡ್ ತೀರಲು ಸುಮಾರು ಒಂದು ವರ್ಷ ಹಿಡಿಯಿತು. ಹತ್ತೊಂಬತ್ತನೆಯ ತಿಂಗಳು ಅಮ್ಮನನ್ನೂ ಕರೆದುಕೊಂಡು ಒಡವೆ ಬಿಡಿಸಲು ಹೋದೆ. ಕೌಂಟರಿನಲ್ಲಿದ್ದವರು ಮೊಹರು ಒಡೆದು, ಬಳೆಗಳನ್ನು ತೂಕದ ತಟ್ಟೆಗೆ ಇಟ್ಟು, ಗ್ರಾಂ ಲೆಕ್ಕವನ್ನು ರಸೀದಿಯೊಡನೆ ತಾಳೆ ನೋಡಿ ಕೊಟ್ಟರು. ಅಮ್ಮ ಅಲ್ಲೇ ತೊಡಲು ನೋಡಿದರು, ಕೈ ಸ್ವಲ್ಪ ಊದಿಕೊಂಡಿದ್ದರಿಂದ ಏರಲಿಲ್ಲ. ಮನೆಗೆ ಬಂದು ಸೋಪು ನೀರು ಹಚ್ಚಿಕೊಂಡು, ನನ್ನ ಹೆಂಡತಿ ಹಿಡಿದುಕೊಂಡಿದ್ದಾಗ, ಒಂದೊಂದಾಗಿ ಏರಿಸಿಕೊಂಡರು. ಮಗಳು ಹಸಿರು ಪೆನ್ನು ತಂದಳು. ನೋಟ್‌ಬುಕ್ಕಿನ ಆ ಹಾಳೆಯಲ್ಲಿ ಈಗ ಉಳಿದಿರುವುದು ಎರಡೇ ಹೆಸರು, ಭಾವನದೂ ಬ್ಯಾಂಕಿನದೂ. ಭಾವನಿಗೆ ಬರುವ ತಿಂಗಳು ಐದನೆಯ ತಾರೀಕು ಮೊದಲ ಹತ್ತು ಸಾವಿರ ಕೊಡುವುದಾಗಿ ಹೇಳಿದ್ದೇನೆ.