ಮರದ ಮೇಲೆ ಕಂಡದ್ದು ಹೋದ ಬೇಸಿಗೆಯ ಬಿಸಿಲು

2025ರ ಮಾರ್ಚ್ ತಿಂಗಳು. ಕಾಯಿ ಕೀಳುವ ಹುಡುಗ ಮೂರನೇ ಮರದಿಂದ ಇಳಿದು ಬಂದು ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. "ಮರ್ದಾಗೆ ಏನೂ ಇಲ್ಲ ಕಣಮ್ಮಾ. ನೀರು ಬಿಟ್ಟಿಲ್ವಾ?" ಅಂತ ಕೇಳಿದ.

ನನಗೆ ಬಹಳ ಬೇಜಾರಾಯಿತು. ಹಿಂದಿನ ಜೂನ್‌ನಿಂದ ಆವತ್ತಿನವರೆಗೆ ಆ ಮರಗಳನ್ನು ಬಾಯಾರಲು ಬಿಟ್ಟಿರಲಿಲ್ಲ. 2024ರ ಮಳೆಗಾಲವೂ ಚೆನ್ನಾಗಿಯೇ ಆಗಿತ್ತು. ಗರಿಗಳು ಕಡು ಹಸಿರಾಗಿ ಹರಡಿಕೊಂಡಿದ್ದವು. ಆದರೂ ಎಂಟು ಮರದಿಂದ ಸಿಕ್ಕಿದ್ದು 58 ಕಾಯಿ. ಆ ಕೊಯ್ಲಿಗೆ ಸಾಮಾನ್ಯವಾಗಿ 140, 150 ಸಿಗುತ್ತಿತ್ತು.

ರಾತ್ರಿ ಊಟ ಆದ ಮೇಲೆ ಮಳೆ ಪುಸ್ತಕ ತೆಗೆದು ಕೂತೆ. ಒಂದು ವರ್ಷ ಹಿಂದಕ್ಕೆ ಹೋದೆ. 2024ರ ಮಾರ್ಚ್, ಸೊನ್ನೆ. ಏಪ್ರಿಲ್, ಸೊನ್ನೆ. ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ 'ಬೋರ್‌ವೆಲ್ ಅರ್ಧ ಗಂಟೆಗೆ ನಿಲ್ಲುತ್ತಿದೆ, ಹರಳು ಉದುರುತ್ತಿದೆ' ಅಂತ ಇತ್ತು. ಹರಳು ಅಂದರೆ ಆಗಷ್ಟೇ ಕಚ್ಚಿದ ಎಳೆ ಕಾಯಿ. ಕಾರಣ ಅಲ್ಲೇ ಇತ್ತು.

ತೆಂಗಿನ ಹೊಂಬಾಳೆ ಒಡೆದ ಮೇಲೆ ಕಾಯಿ ಪೂರ್ತಿ ಬಲಿಯಲು 11ರಿಂದ 12 ತಿಂಗಳು ಬೇಕು. ಹಾಗಾಗಿ ಆ ಮಾರ್ಚ್‌ನಲ್ಲಿ ನಾವು ಕಿತ್ತದ್ದು ಹಿಂದಿನ ವರ್ಷದ ಮಾರ್ಚ್, ಏಪ್ರಿಲ್‌ನಲ್ಲಿ ಒಡೆದ ಹೊಂಬಾಳೆಯ ಕಾಯಿ. ಆ ಏಪ್ರಿಲ್ ನೆನಪಿದೆ ಅಲ್ವಾ? 28ನೇ ತಾರೀಕು ಬೆಂಗಳೂರಲ್ಲೇ 38.5 ಡಿಗ್ರಿ ಮುಟ್ಟಿತ್ತು. ನಮ್ಮ ತುಮಕೂರಿನಲ್ಲಿ ಹಿತ್ತಿಲ ಕಲ್ಲಿನ ಮೇಲೆ ಕಾಲಿಡಲು ಆಗುತ್ತಿರಲಿಲ್ಲ. ಆಗ ಉದುರಿದ ಹರಳಿನ ಲೆಕ್ಕ ಹನ್ನೊಂದು ತಿಂಗಳ ಮೇಲೆ ನಮ್ಮ ಕೈಗೆ ಬಂತು. ಆಮೇಲೆ ಎಷ್ಟೇ ನೀರು ಕೊಟ್ಟರೂ ಉದುರಿದ ಹರಳು ಮರಕ್ಕೆ ವಾಪಸ್ ಬರುವುದಿಲ್ಲ.

ಅಷ್ಟಕ್ಕೇ ಮುಗಿಯುವುದಿಲ್ಲ. ಹೊಂಬಾಳೆ ಹೊರಗೆ ಕಾಣುವ ಸುಮಾರು 32 ತಿಂಗಳ ಮೊದಲೇ ಸುಳಿಯ ಒಳಗೆ ಅದರ ಮೊಳಕೆ ಮೂಡಿರುತ್ತದೆ. ಅಲ್ಲಿಂದ ಬಲಿತ ಕಾಯಿ ಕೈಗೆ ಬರುವ ತನಕ ಲೆಕ್ಕ ಹಾಕಿದರೆ 44 ತಿಂಗಳು, ಹತ್ತಿರ ಹತ್ತಿರ ಮೂರು ಮುಕ್ಕಾಲು ವರ್ಷ. ಇದರ ನಡುವೆ ಯಾವ ಹಂತದಲ್ಲಿ ಬರ ಬಂದರೂ ಪೆಟ್ಟು ಬೀಳುತ್ತದೆ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತ್ತು. 2025ರಲ್ಲಿ ಕಾಯಿ ಸಿಗದೆ ಬೆಲೆ ಏರಿತು. ತಿಪಟೂರಿನಲ್ಲಿ ಕೊಬ್ಬರಿ ಕ್ವಿಂಟಲ್‌ಗೆ 20,000 ರೂಪಾಯಿ ದಾಟಿತು. ಏರಿಕೆಗೆ ಬೇರೆ ಕಾರಣಗಳೂ ಇವೆ. ಆದರೆ ಆ ಬರಕ್ಕೂ ಅದರಲ್ಲಿ ದೊಡ್ಡ ಪಾಲಿದೆ ಅನ್ನುವುದನ್ನು ನಾನು ನನ್ನ ಹಿತ್ತಿಲಲ್ಲೇ ಕಂಡೆ.

ನಾನು ಹುಟ್ಟಿ ಬೆಳೆದದ್ದು ಪುತ್ತೂರಿನ ಕಡೆ. ಅಪ್ಪನದು ಅಡಿಕೆ ತೋಟ. ಅಲ್ಲಿ ಮಳೆ ಜಾಸ್ತಿಯಾಗಿ ಕೊಳೆರೋಗ ಬರುವುದೇ ಚಿಂತೆ. ಮದುವೆಯಾಗಿ ತುಮಕೂರಿಗೆ ಬಂದೆ. ಇಲ್ಲಿ ಸಮುದ್ರಮಟ್ಟದಿಂದ 800 ಮೀಟರ್ ಮೇಲೆ, ಒಣ ಗಾಳಿ. ಕರಾವಳಿಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಸುರಿಯುವಷ್ಟು ಮಳೆ ಇಲ್ಲಿ ಸಾಮಾನ್ಯವಾಗಿ ವರ್ಷ ಪೂರ್ತಿ ಸೇರಿಸಿದರೂ ಬರುವುದಿಲ್ಲ. ಹತ್ತು ಗುಂಟೆ ಜಾಗದಲ್ಲಿ ಮನೆ ಕಟ್ಟಿ 2007ರಲ್ಲಿ ಹಿಂದೆ ಎಂಟು ತೆಂಗಿನ ಸಸಿ ನೆಟ್ಟೆವು. ಆಮೇಲೆ ಹನ್ನೆರಡು ಅಡಿಕೆ, ಮುಂದೆ ಚೆಂದಕ್ಕೆ ಐದಾರು ಪಾಮ್. ಅಡಿಕೆ ಬೇಕು ಅಂತ ಹಟ ಹಿಡಿದವಳು ನಾನೇ. ಅಂಗಳದಲ್ಲಿ ಅಡಿಕೆ ಮರ ಇಲ್ಲದೆ ನನಗೆ ಮನೆ ಅನ್ನಿಸುತ್ತಿರಲಿಲ್ಲ.

ಮಳೆ ಬರೆದಿಡುವುದನ್ನು ಕಲಿಸಿದ್ದು ಅತ್ತೆ. ಅವರು ತಾರೀಕು ಬರೆಯುತ್ತಿರಲಿಲ್ಲ. 'ಭರಣಿ ಒಂದು ಹದ, ಆರಿದ್ರಾ ಇಲ್ಲ, ಹಸ್ತ ಜೋರು' ಅಂತ ಕ್ಯಾಲೆಂಡರ್ ಹಿಂದೆ ಗೀಚುತ್ತಿದ್ದರು. ನಾನು ಒಂದು ಮಳೆಮಾಪಕ ತಂದು ಮಿಲಿಮೀಟರ್ ಸೇರಿಸಿದೆ. ನಮ್ಮ ಕಡೆಯ ತೆಂಗಿಗೆ ಜೀವ ಕೊಡುವುದು ಜೂನ್ ಮಳೆಗಿಂತ ಹಸ್ತ, ಚಿತ್ತೆ, ಸ್ವಾತಿ. ಅಂದರೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ ಬೀಳುವ ಮಳೆ. ಅದು ಕೈಕೊಟ್ಟರೆ ಮುಂದೆ ಭರಣಿ ತನಕ ಆರು ತಿಂಗಳು ಬರೀ ನಾವು ಕೊಟ್ಟ ನೀರೇ ಗತಿ.

ಮಾಪಕದಿಂದ ಇನ್ನೊಂದು ಲಾಭ ಇದೆ. ನನ್ನ ಪಾತಿ ಬುಡದಿಂದ ಸುತ್ತಲೂ ಆರು ಅಡಿ, ಸುಮಾರು 10 ಚದರ ಮೀಟರ್. 25 ಮಿಲಿಮೀಟರ್ ಮಳೆ ಬಿದ್ದರೆ ಆ ಪಾತಿಗೆ 250 ಲೀಟರ್ ನೀರು ಬಂದ ಹಾಗೆ. ಬೇಸಿಗೆಯಲ್ಲಿ ಮರಕ್ಕೆ ದಿನಕ್ಕೆ ನಾನು ಕೊಡುವುದು 45 ಲೀಟರ್. ಹಾಗಾದರೆ ಅಂಥ ಒಂದು ಮಳೆ ಬಂದರೆ ಐದು ದಿನ ಡ್ರಿಪ್ ನಿಲ್ಲಿಸಬಹುದು. ಆದರೆ 4 ಮಿಲಿಮೀಟರ್ ಬಂದು ಅಂಗಳ ಒದ್ದೆಯಾಯಿತು ಅಂತ ನಿಲ್ಲಿಸಿದರೆ ಮರಕ್ಕೆ ಮೋಸ. ಮೊದಲ ವರ್ಷಗಳಲ್ಲಿ ನಾನು ಇದೇ ತಪ್ಪು ಮಾಡುತ್ತಿದ್ದೆ.

2024ರ ಬೇಸಿಗೆಯಲ್ಲಿ ಬೋರ್‌ವೆಲ್ ಸೋತಾಗ ಎಲ್ಲ ಮರಕ್ಕೂ ಸಾಲುವಷ್ಟು ನೀರು ಇರಲಿಲ್ಲ. ಆಗ ಉಳಿಸಿದ್ದು ಮಟ್ಟೆ. ಎರಡು ವರ್ಷ ಮೊದಲು ನಾಲ್ಕು ಮರಗಳಿಗೆ ಮಾತ್ರ, ಬುಡದಿಂದ ಆರು ಅಡಿ ದೂರದಲ್ಲಿ ಸುತ್ತಲೂ ಕಾಲುವೆ ತೋಡಿಸಿ, ಕಾಯಿ ಸುಲಿದ ಮಟ್ಟೆಯನ್ನು ಅದರ ಒಳಗಿನ ಗುಳಿ ಬದಿ ಮೇಲೆ ಬರುವ ಹಾಗೆ ಸಾಲು ಸಾಲಾಗಿ ಜೋಡಿಸಿ ಮಣ್ಣು ಮುಚ್ಚಿದ್ದೆ. ಮಟ್ಟೆ ನೀರು ಹೀರಿಕೊಂಡು ನಿಧಾನಕ್ಕೆ ಬಿಡುತ್ತದೆ. ಒಮ್ಮೆ ಹೂತರೆ ಐದಾರು ವರ್ಷ ಕೆಲಸಕ್ಕೆ ಬರುತ್ತದೆ. ಆ ನಾಲ್ಕು ಮರಗಳಲ್ಲಿ ಕೆಳಗಿನ ಗರಿ ಜೋತು ಬೀಳಲಿಲ್ಲ. ಆ 58 ಕಾಯಿಯಲ್ಲಿ 41 ಅವುಗಳದ್ದೇ. ಉಳಿದ ನಾಲ್ಕಕ್ಕೂ ಹೂಳಿಸಬೇಕಿತ್ತು. ಕೂಲಿ ಜಾಸ್ತಿ ಆಯಿತು ಅಂತ ಮುಂದೂಡಿದ್ದಕ್ಕೆ ಇವತ್ತಿಗೂ ಮನಸ್ಸು ಚುರ್ ಅನ್ನುತ್ತದೆ. ಆ ವರ್ಷ ಮಳೆ ಶುರುವಾದ ಕೂಡಲೇ ಮಾಡಿಸಿದೆ. ಜೊತೆಗೆ ಪ್ರತಿ ಮರಕ್ಕೆ ವರ್ಷಕ್ಕೆ ಎರಡು ಕಂತಿನಲ್ಲಿ ಒಟ್ಟು 2 ಕೆಜಿ ಪೊಟ್ಯಾಷ್ ಕೊಡುತ್ತೇನೆ. ಒಣ ಹವೆಯಲ್ಲಿ ಎಲೆಯಿಂದ ನೀರು ಆರಿಹೋಗುವುದನ್ನು ಹಿಡಿದಿಡಲು ಮರಕ್ಕೆ ಅದು ಬೇಕೇ ಬೇಕು.

ಬೇಸಿಗೆಗೆ ಮುಂಚೆ ಮರ ನೀಟಾಗಿ ಕಾಣಲಿ ಅಂತ ಹಸಿರು ಗರಿ ಕಡಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಒಂದೊಂದು ಗರಿಯ ಕಂಕುಳಲ್ಲಿ ಒಂದೊಂದು ಹೊಂಬಾಳೆ ಇರುತ್ತದೆ. ಗೊನೆಗೆ ಊಟ ಮತ್ತು ಆಸರೆ ಎರಡೂ ಆ ಗರಿಯೇ. ಒಣಗಿ ತಾನಾಗಿ ಜೋತ ಮೇಲೆ ತೆಗೆದರೆ ಸಾಕು. ತೆಗೆದದ್ದನ್ನು ಸುಡದೆ ಪಾತಿಗೆ ಹೊದಿಸಿ.

2024ರ ಅದೇ ಬೇಸಿಗೆಯಲ್ಲಿ ಗರಿಯ ಅಡಿಯಲ್ಲಿ ಬಿಳಿನೊಣವೂ ಹತ್ತಿತು. ಅಂಟು ಸುರಿದು ಕೆಳಗಿನ ಎಲೆಗಳು ಮಸಿ ಬಳಿದ ಹಾಗೆ ಕಪ್ಪಾದವು. ಎಲ್ಲರೂ ಔಷಧಿ ಹೊಡಿ ಅಂದರು. ನಾನು ಹೊಡೆಯಲಿಲ್ಲ. ಆ ನೊಣದ ಮರಿಗಳನ್ನು ತಿನ್ನುವ ಎನ್‌ಕಾರ್ಸಿಯಾ ಅನ್ನುವ ಸಣ್ಣ ಕಣಜ ಇದೆ, ಔಷಧಿಗೆ ಮೊದಲು ಸಾಯುವುದು ಅದೇ. ಎಟುಕುವಷ್ಟು ಎತ್ತರಕ್ಕೆ ಪೈಪಿನಿಂದ ಜೋರಾಗಿ ನೀರು ಹಾಯಿಸಿದೆ. ಉಳಿದದ್ದನ್ನು ಜೂನ್ ಮಳೆ ತೊಳೆಯಿತು.

ಅಡಿಕೆಯ ಕಥೆ ಬೇರೆ. ಅದಕ್ಕೆ ಇಲ್ಲಿಯ ಬರಕ್ಕಿಂತ ಬಿಸಿಲು ಬೀಳುವ ದಿಕ್ಕೇ ದೊಡ್ಡ ಶತ್ರು. ನೆಟ್ಟು ಮೂರು ವರ್ಷಕ್ಕೆ ಕಾಂಡದ ಒಂದೇ ಬದಿಯಲ್ಲಿ ಬಂಗಾರದ ಬಣ್ಣದ ಮಚ್ಚೆ ಬಂತು. ಚೆಂದ ಇದೆ ಅಂತ ಸುಮ್ನೆ ಬಿಟ್ಟೆ. ಮುಂದಿನ ವರ್ಷ ಅದೇ ಜಾಗ ಕಂದಾಗಿ ಸೀಳು ಬಿಟ್ಟಿತು. ಅಪ್ಪನಿಗೆ ಫೋನ್ ಮಾಡಿದೆ. "ಯಾವ ಬದಿ?" ಅಂತ ಕೇಳಿದರು. ನೈಋತ್ಯ ಅಂದೆ. "ಅದು ಬಿಸಿಲು ಬಡಿದದ್ದು ಮಾರಾಯ್ತಿ. ಚಳಿಗಾಲದಲ್ಲಿ ಸೂರ್ಯ ತೆಂಕಕ್ಕೆ ವಾಲುತ್ತಾನೆ, ಮಧ್ಯಾಹ್ನದ ಮೇಲೆ ನೇರ ಕಾಂಡಕ್ಕೇ ಹೊಡೆಯುತ್ತದೆ. ಹಾಳೆ ಕಟ್ಟು" ಅಂದರು.

ತೆಂಗು, ಅಡಿಕೆಯಂಥ ಮರಗಳಿಗೆ ಮಾವು, ಹಲಸಿನ ಹಾಗೆ ಗಾಯದ ಮೇಲೆ ಹೊಸ ತೊಗಟೆ ಬೆಳೆಯುವುದಿಲ್ಲ. ಆದ ಗಾಯ ಕೊನೆತನಕ ಹಾಗೇ. ಸೀಳು ಬಿಟ್ಟಿದ್ದ ಎರಡು ಮರ ಗಾಳಿಗೆ ಅದೇ ಜಾಗದಲ್ಲಿ ಮುರಿದವು. ಈಗ ಪ್ರತಿ ವರ್ಷ ದಸರಾ ಮುಗಿದ ಕೂಡಲೇ ಉಳಿದ ಹತ್ತಕ್ಕೂ ನೈಋತ್ಯದ ಬದಿಗೆ ಅಡಿಕೆ ಹಾಳೆ ಕಟ್ಟುತ್ತೇನೆ. ಹಾಳೆ ಸಾಲದಿದ್ದರೆ ಸುಣ್ಣ ಬಳಿಯುತ್ತೇನೆ. ಆ ಬದಿಗೆ ಬಾಳೆಯನ್ನೂ ಹಾಕಿದ್ದೇನೆ. ಬಾಳೆ ನೆರಳು ಕೊಡುತ್ತದೆ, ಬುಡದ ಗಾಳಿಯನ್ನೂ ತಂಪಾಗಿಡುತ್ತದೆ.

ಮಳೆ ಕಡಿಮೆಯಾದದ್ದನ್ನು ಹೇಳಿದೆ. ಜಾಸ್ತಿಯಾದ ವರ್ಷವನ್ನೂ ಹೇಳಬೇಕು. 2022ರಲ್ಲಿ ನಮ್ಮ ಕಡೆ ಕೆರೆ ಕಟ್ಟೆಗಳೆಲ್ಲ ಕೋಡಿ ಬಿದ್ದವು. ವಾರಗಟ್ಟಲೆ ಬಿಸಿಲೇ ಇಲ್ಲ. ಆಗಸ್ಟ್ ಕೊನೆಗೆ ಒಂದು ತೆಂಗಿನ ಸುಳಿ ಬಿಳಿಚಿಕೊಂಡಿತು. ಹುಡುಗ ಹತ್ತಿ ಎಳೆದರೆ ಸಲೀಸಾಗಿ ಕೈಗೆ ಬಂತು, ಕೆಟ್ಟ ವಾಸನೆ. ಸುಳಿ ಕೊಳೆ. ತೆಂಗಿಗೆ ಇರುವುದು ಒಂದೇ ಸುಳಿ. ಅದು ಹೋದರೆ ಮರವೇ ಹೋಯಿತು.

ಕೊಳೆತದ್ದನ್ನೆಲ್ಲ ಗಟ್ಟಿ ಭಾಗ ಸಿಗುವವರೆಗೆ ಚಾಕುವಿನಿಂದ ಕೆರೆಸಿದೆ. 100 ಗ್ರಾಂ ಮೈಲುತುತ್ತನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರ್‌ನಲ್ಲಿ ಬೇರೆ ಬೇರೆ ಕಲಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿದೆ. ಪ್ಲಾಸ್ಟಿಕ್ ಬಕೆಟ್‌ನಲ್ಲೇ ಮಾಡಬೇಕು, ಲೋಹದ ಪಾತ್ರೆ ಬೇಡ. ಆಮೇಲೆ ಅಪ್ಪ ಮಾಡುತ್ತಿದ್ದ ಪರೀಕ್ಷೆ: ಹೊಳೆಯುವ ಚಾಕು ಒಂದು ನಿಮಿಷ ಅದ್ದಿ ತೆಗೆದರೆ ಕೆಂಪು ಕಲೆ ಕಾಣಬಾರದು. ಕಂಡರೆ ಸುಣ್ಣ ಸಾಲದು ಅಂತ. ಆ ಮುಲಾಮು ಹಚ್ಚಿ, ಮಳೆ ನೀರು ಇಳಿಯದ ಹಾಗೆ ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿಸಿದೆ. ನವೆಂಬರ್‌ನಲ್ಲಿ ಹೊಸ ಸುಳಿ ತಲೆ ಎತ್ತಿತು. ಬೇಲಿ ಪಕ್ಕ ಇದ್ದ ಎರಡು ವರ್ಷದ ಸಸಿಗೂ ಅದೇ ರೋಗ ಬಂದಿತ್ತು. ಅದನ್ನು ಒಂದು ವಾರ ತಡವಾಗಿ ನೋಡಿದೆ, ಉಳಿಯಲಿಲ್ಲ. ಈಗ ಮಳೆಗಾಲಕ್ಕೆ ಮೊದಲು ಒಂದು ಸಲ, ನಲವತ್ತು ದಿನ ಬಿಟ್ಟು ಇನ್ನೊಂದು ಸಲ, ತೆಂಗಿನ ಸುಳಿಗೂ ಅಡಿಕೆ ಗೊನೆಗೂ ಶೇಕಡಾ 1ರ ಬೋರ್ಡೋ, ಅಂದರೆ ಇದೇ ತುತ್ತ ಮತ್ತು ಸುಣ್ಣದ ತೆಳು ದ್ರಾವಣ ಹೊಡೆಸುತ್ತೇನೆ. ಮಳೆ ಕಡಿಮೆ ಅನ್ನಿಸುವ ವರ್ಷವೂ ಬಿಡುವುದಿಲ್ಲ.

ಮುಂದಿನ ಪಾಮ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅವು ಒಂದೊಂದು ಒಂದೊಂದು ದೇಶದವು. ಮಡಗಾಸ್ಕರ್‌ನ ಅರೆಕಾ ಪಾಮ್ ಪಶ್ಚಿಮದ ಬಿಸಿಲಿಗೆ ಹಳದಿಯಾಗಿ ತುದಿ ಸುಟ್ಟುಕೊಂಡಿತು, ಮನೆಯ ಪೂರ್ವಕ್ಕೆ ಸಾಗಿಸಿದ ಮೇಲೆ ಸುಧಾರಿಸಿತು. ಆಸ್ಟ್ರೇಲಿಯಾದ ಫಾಕ್ಸ್‌ಟೇಲ್ ಎಲ್ಲವನ್ನೂ ತಡೆದುಕೊಂಡಿದೆ. ನರ್ಸರಿಯಿಂದ ತಂದ ಗಿಡ ಹಸಿರು ಬಲೆಯ ನೆರಳಲ್ಲಿ ಬೆಳೆದಿರುತ್ತದೆ. ಫೆಬ್ರವರಿಯಲ್ಲಿ ತಂದು ನೇರ ಬಿಸಿಲಿಗೆ ಇಟ್ಟರೆ ಹದಿನೈದು ದಿನದಲ್ಲಿ ಎಲೆ ಬೆಳ್ಳಗಾಗುತ್ತದೆ. ಜೂನ್‌ನಲ್ಲಿ ತನ್ನಿ. ಮೋಡದ ದಿನಗಳಲ್ಲಿ ತಾನಾಗಿ ಹೊಂದಿಕೊಳ್ಳುತ್ತದೆ.

ಇನ್ನು ಚಳಿ. ನಮ್ಮಲ್ಲಿ ಹಿಮ ಬೀಳುವುದಿಲ್ಲ, ಹಾಗಾಗಿ ಚಳಿಯನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ನಾನು ಒಂದು ಪರೀಕ್ಷೆ ಮಾಡಿದೆ. ಸಣ್ಣ ತೆಂಗಿನಲ್ಲಿ ಇನ್ನೂ ಬಿಚ್ಚದ ಸುಳಿಗೂ ಪಕ್ಕದ ಬಲಿತ ಗರಿಯ ದಂಟಿಗೂ ಸೇರಿಸಿ ಮಾರ್ಕರ್‌ನಿಂದ ಒಂದು ಅಡ್ಡ ಗೆರೆ ಎಳೆಯಿರಿ. ಬಲಿತ ಗರಿಯ ಗೆರೆ ಅಲ್ಲೇ ಇರುತ್ತದೆ, ಸುಳಿಯ ಗೆರೆ ಮೇಲೆ ಹೋಗುತ್ತದೆ. ಮೇ ತಿಂಗಳಲ್ಲಿ ಒಂದು ಮಳೆ ಬಿದ್ದ ಮೇಲೆ ವಾರಕ್ಕೆ ಒಂದು ಗೇಣು ಏರಿತ್ತು. ಡಿಸೆಂಬರ್ ಕೊನೆಗೆ, ಬೆಳಗಿನ ಜಾವ 14 ಡಿಗ್ರಿ ಇದ್ದಾಗ, ವಾರಕ್ಕೆ ನಾಲ್ಕೇ ಬೆರಳು. ಇದು ಗೊತ್ತಾದ ಮೇಲೆ ಡಿಸೆಂಬರ್, ಜನವರಿಯಲ್ಲಿ ಗೊಬ್ಬರ ಕೊಡುವುದನ್ನು ಬಿಟ್ಟೆ, ನೀರನ್ನೂ ಕಡಿಮೆ ಮಾಡಿದೆ. ಮರ ತೆಗೆದುಕೊಳ್ಳದ ಹೊತ್ತಿನಲ್ಲಿ ಕೊಟ್ಟದ್ದು ಮಣ್ಣಿನ ಪಾಲು.

ಈಗ ಮಳೆ ಪುಸ್ತಕದ ಜೊತೆ ಮರದ ಪುಸ್ತಕವೂ ಇದೆ. ತೆಂಗು ತಿಂಗಳಿಗೆ ಸುಮಾರು ಒಂದು ಗರಿ ಬಿಡುತ್ತದೆ. ಪ್ರತಿ ಯುಗಾದಿಯಂದು, ಆವತ್ತಿಗೆ ಪೂರ್ತಿ ಬಿಚ್ಚಿಕೊಂಡ ಹೊಸ ಗರಿಯ ದಂಟಿಗೆ ಹುಡುಗನ ಕೈಯಲ್ಲಿ ಬಣ್ಣದ ಗುರುತು ಹಾಕಿಸುತ್ತೇನೆ. ಮುಂದಿನ ಯುಗಾದಿಗೆ ಅದರ ಮೇಲೆ ಎಷ್ಟು ಗರಿ ಬಂದಿವೆ ಅಂತ ಎಣಿಸಿದರೆ ಆ ವರ್ಷ ಮರ ಎಷ್ಟು ಬೆಳೆಯಿತು ಅನ್ನುವುದು ಗೊತ್ತಾಗುತ್ತದೆ. 2023ರ ಯುಗಾದಿಯಿಂದ 2024ರ ಯುಗಾದಿಯವರೆಗೆ ಮಟ್ಟೆ ಹೂಳದ ಮರಗಳಲ್ಲಿ ಒಂಬತ್ತು, ಹೂತ ಮರಗಳಲ್ಲಿ ಹನ್ನೊಂದು. ಮುಂದಿನ ವರ್ಷ ಎಲ್ಲದರಲ್ಲೂ ಹನ್ನೆರಡು.

2023ರ ಆಗಸ್ಟ್‌ನಲ್ಲಿ, ಮೋಡ ಕೂಡ ಕಾಣದ ಆ ತಿಂಗಳಲ್ಲಿ, ಸುಳಿಯೊಳಗೆ ಮೂಡಿದ ಹೊಂಬಾಳೆಗಳು ಹೊರಗೆ ಬರುವ ಹೊತ್ತು 2026ರ ಏಪ್ರಿಲ್. ಆ ಪುಟದ ಮೇಲೆ ಮೊದಲೇ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ: 'ಹೊಂಬಾಳೆ ಎಷ್ಟು, ಮರವಾರು ಎಣಿಸು. ಕಮ್ಮಿ ಇದ್ದರೆ ನೀರನ್ನು ದೂರಬೇಡ.'